ತಟದ ಮೇಲೆ ನಿಂತವರು: 1940ರ ಮೇ 10

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಸಿಕೊಂಡು ಬರೆದಿದ್ದೇನೆ. ಹೇಳಿದ್ದನ್ನೇ ಎರಡೆರಡು ಸಲ ಹೇಳಿದ್ದ ಕಡೆ ಕತ್ತರಿ ಹಾಕಿದ್ದೇನೆ. ಮಾತಿನ ಭರದಲ್ಲಿ ತಪ್ಪಿದ್ದ ಒಂದೆರಡು ಇಸವಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ಫೋನ್ ಕರೆಯಿಂದ ಶುರು ಮಾಡೋಣ.

1940ರ ಮೇ 9, ಗುರುವಾರ ರಾತ್ರಿ, ಬರ್ಲಿನ್. ಅಲ್ಲಿನ ಡಚ್ ರಾಯಭಾರ ಕಚೇರಿಯಲ್ಲಿ ಸಾಸ್ ಎಂಬ ಮೇಜರ್ ಇದ್ದ. ಮಿಲಿಟರಿ ಅಟಾಶೆ, ಅಂದರೆ ಸೇನೆಯ ಪರವಾಗಿ ಪರದೇಶದಲ್ಲಿ ಕೂತು ಕಣ್ಣು ಕಿವಿ ತೆರೆದಿಡುವ ಅಧಿಕಾರಿ. ಅವನಿಗೆ ಹಾಲೆಂಡಿನ ಸರ್ಕಾರ ಕೂರುವ ಹೇಗ್ ನಗರದಿಂದ, ಅವನದೇ ಇಲಾಖೆಯ ಹಿರಿಯ ಅಧಿಕಾರಿಯಿಂದ ಫೋನ್ ಬರುತ್ತದೆ. 'ನಿಮ್ಮ ಹೆಂಡತಿಯ ಆಪರೇಷನ್ ವಿಷಯ ಕೇಳಿ ಬೇಸರವಾಯಿತು. ಎಲ್ಲ ಡಾಕ್ಟರುಗಳನ್ನೂ ಕೇಳಿ ನೋಡಿದ್ದೀರಾ?' ಸಾಸ್‌ಗೆ ರೇಗಿಹೋಗುತ್ತದೆ. ಕೇಳಿದ್ದೇನೆ, ಎಲ್ಲರನ್ನೂ ಕೇಳಿದ್ದೇನೆ, ನಾಳೆ ಬೆಳಗಿನ ಜಾವವೇ ಆಪರೇಷನ್, ಎಂದು ಹೇಳಿ ಫೋನ್ ಕುಕ್ಕುತ್ತಾನೆ.

ಹೆಂಡತಿಗೆ ಏನೂ ಆಗಿರಲಿಲ್ಲ. ಆಪರೇಷನ್ ಅಂದರೆ ಜರ್ಮನ್ ಸೇನೆ ಹಾಲೆಂಡಿನ ಗಡಿ ದಾಟುವುದು. ಸ್ವಲ್ಪ ಹೊತ್ತಿಗೆ ಮುಂಚೆ ಸಾಸ್ ತಾನೇ ಸಂಕೇತದಲ್ಲಿ ಆ ಸುದ್ದಿ ಮುಟ್ಟಿಸಿದ್ದ. ಮೇಲಿನವರಿಗೆ ನಂಬಿಕೆ ಹುಟ್ಟದೆ ತಿರುಗಿ ಕೇಳಿದ್ದರು. ಎದುರಾಳಿಯ ರಾಜಧಾನಿಯಲ್ಲಿ, ಟೆಲಿಫೋನ್ ಲೈನಿಗೆಲ್ಲ ಪೊಲೀಸರು ಕಿವಿಯಿಟ್ಟಿರುವಾಗ, ಮತ್ತೆ ಫೋನ್ ಮಾಡಿ 'ಖಂಡಿತವಾ?' ಅಂದರೆ ಯಾರಿಗೆ ತಾನೇ ರೇಗುವುದಿಲ್ಲ?

ಸಾಸ್‌ಗೆ ಸುದ್ದಿ ಸಿಗುತ್ತಿದ್ದದ್ದು ಎಲ್ಲಿಂದ ಗೊತ್ತೇ? ಜರ್ಮನ್ ಸೇನೆಯ ಗುಪ್ತಚರ ವಿಭಾಗದ ಒಳಗಿಂದಲೇ. ಕರ್ನಲ್ ಹಾನ್ಸ್ ಓಸ್ಟರ್ ಅಲ್ಲಿ ದೊಡ್ಡ ಅಧಿಕಾರಿ. ಹಿಟ್ಲರ್ ದೇಶವನ್ನು ಹಾಳು ಮಾಡುತ್ತಾನೆ ಎಂದು ನಂಬಿ, ತನ್ನ ದೇಶದ ಯುದ್ಧ ಯೋಜನೆಯನ್ನು ಡಚ್ ಗೆಳೆಯನಿಗೆ ಹೇಳುತ್ತಿದ್ದ. ಆ ರಾತ್ರಿ ಇಬ್ಬರೂ ಒಟ್ಟಿಗೆ ಊಟ ಮಾಡಿದರು. ಓಸ್ಟರ್ ಸೇನಾ ಕಚೇರಿಯ ಒಳಗೆ ಹೋಗಿ ಆದೇಶವೇನಾದರೂ ರದ್ದಾಗಿದೆಯೇ ಎಂದು ನೋಡಿಬಂದ. ಸಾಸ್ ಹೊರಗೆ ಕಾದ. ರದ್ದಾಗಿರಲಿಲ್ಲ. ಹಿಟ್ಲರ್ ಪಶ್ಚಿಮದ ಗಡಿಗೆ ಹೊರಟಾಗಿತ್ತು. ಸಾಸ್ ಬೆಲ್ಜಿಯಂನ ಅಟಾಶೆಗೂ ಸುದ್ದಿ ಕೊಟ್ಟು ತನ್ನ ಕಚೇರಿಗೆ ಓಡಿದ.

ಹಾಗಾದರೆ ಹೇಗ್‌ನವರು ಯಾಕೆ ನಂಬಲಿಲ್ಲ? 'ತೋಳ ಬಂತು ತೋಳ' ಕಥೆ ಎಲ್ಲರಿಗೂ ಗೊತ್ತಲ್ಲ. ಇಲ್ಲಿ ವ್ಯತ್ಯಾಸ ಏನೆಂದರೆ ಕುರಿ ಕಾಯುವ ಹುಡುಗ ಸುಳ್ಳು ಹೇಳಿರಲಿಲ್ಲ, ತೋಳವೇ ಬರುತ್ತೇನೆಂದು ಹೊರಟು ಮತ್ತೆ ಮತ್ತೆ ನಿಂತುಬಿಡುತ್ತಿತ್ತು. ಪಶ್ಚಿಮದ ದಾಳಿಗೆ ಮೊದಲು ಇಟ್ಟ ದಿನ 1939ರ ನವೆಂಬರ್ 12. ಮಂಜು, ಮಳೆ, ಹಿಮ, ಯೋಜನೆಯಲ್ಲಿ ಬದಲಾವಣೆ ಎಂದು ಒಟ್ಟು 29 ಸಲ ಮುಂದೂಡಿದರು. ನವೆಂಬರಿನ ದಿನವನ್ನು ಸಾಸ್ ಸರಿಯಾಗಿಯೇ ಹೇಳಿದ್ದ. ದಿನ ಕಳೆಯಿತು, ಏನೂ ಆಗಲಿಲ್ಲ. ಡಚ್ ಸೇನೆಯ ಮುಖ್ಯಸ್ಥನಾಗಿದ್ದ ಜನರಲ್ ರೈಂಡರ್ಸ್‌ಗೆ ಅವನ ಮಾತೆಂದರೆ ತಾತ್ಸಾರ. ಅದೇ ತಿಂಗಳ 13ರಂದು ಪ್ರಧಾನಿ ಡೆ ಖೇರ್ ರೇಡಿಯೋದಲ್ಲಿ ಜನರಿಗೆ ಸಮಾಧಾನ ಹೇಳುತ್ತ, ಮನುಷ್ಯ ಬರದೇ ಹೋಗುವ ಕಷ್ಟಕ್ಕೆ ಹೆದರಿಯೇ ಹೆಚ್ಚು ಕಷ್ಟಪಡುತ್ತಾನೆ ಎಂಬ ಅರ್ಥದ ಪದ್ಯ ಓದಿದರು. ಆ ಕಷ್ಟ ಆರು ತಿಂಗಳು ತಡವಾಗಿ ಬಂತು.

ಈಗ ಒಂದು ಪದದ ವಿಷಯ. 'ನ್ಯೂಟ್ರಲ್' ಅನ್ನುವುದಕ್ಕೆ ನಾವು 'ತಟಸ್ಥ' ಅನ್ನುತ್ತೇವೆ. ತಟ ಅಂದರೆ ದಡ. ಹೊಳೆಗೆ ಇಳಿಯದೆ ದಡದಲ್ಲಿ ನಿಂತವನು ತಟಸ್ಥ. ಒಳ್ಳೆಯ ಪದ. ಆದರೆ ಆ ಪದದಲ್ಲಿ ದಡ ಗಟ್ಟಿಯಾಗಿದೆ ಎಂಬ ನಂಬಿಕೆ ಅಡಗಿದೆ. ಕೇಳಿದ್ದೀರಲ್ಲ, ಹಾಲೆಂಡಿನ ಕಾಲುಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅವರು ದಡವನ್ನು ತಾವೇ ಕಟ್ಟಿಕೊಂಡವರು. ಯುದ್ಧ ಬಂದರೆ ಒಡ್ಡಿನ ತೂಬು ತೆರೆದು ತಮ್ಮದೇ ಹೊಲಗಳಿಗೆ ನೀರು ಬಿಟ್ಟು, ಶತ್ರುವಿನ ಕಾಲು ಹೂತುಹೋಗುವಷ್ಟು ಕೆಸರು ಮಾಡುವುದು ಅವರ ಶತಮಾನಗಳ ಹಳೆಯ ಉಪಾಯ. ಆಳ ಬೇಕಿಲ್ಲ, ನಡೆಯಲು ಕಷ್ಟ, ದೋಣಿ ಬಿಡಲು ಸಾಲದು, ಅಷ್ಟಿದ್ದರೆ ಸಾಕು. 1940ರಲ್ಲೂ ಪೂರ್ವದ ಕಡೆ ಅದೇ ನೀರನ್ನು ನೆಚ್ಚಿಕೊಂಡಿದ್ದರು. ಶತ್ರು ಆಕಾಶದಿಂದ ಇಳಿದರೆ ಏನು ಮಾಡುವುದು ಎಂಬ ಪ್ರಶ್ನೆಗೆ ನೀರಿನ ಹತ್ತಿರ ಉತ್ತರವಿರಲಿಲ್ಲ.

ತಟಸ್ಥನಿಗೂ ಕಾನೂನಿದೆ. 1907ರ ಹೇಗ್ ಒಪ್ಪಂದದ ಪ್ರಕಾರ ತಟಸ್ಥ ದೇಶದ ನೆಲವನ್ನು ಯಾರೂ ಮುಟ್ಟುವಂತಿಲ್ಲ. ಸರಿ. ಆದರೆ ತಟಸ್ಥನೂ ಕಾದಾಡುವವರ ಸೈನ್ಯಕ್ಕೆ ತನ್ನ ನೆಲದ ಮೇಲೆ ದಾರಿ ಬಿಡುವಂತಿಲ್ಲ. ಯಾವ ಪಕ್ಷದವನೇ ಬಂದರೂ ತಡೆಯಬೇಕು. ಈ ಎರಡನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಈ ಸಂಜೆ ನಾನು ಹೇಳಬೇಕೆಂದಿರುವುದು ಅದರ ಸುತ್ತಲೇ ಇದೆ. ಈ ದೇಶಗಳಿಗೆ ದಾಳಿಯ ಸುಳಿವು ಸಿಕ್ಕಿರಲಿಲ್ಲವೆಂದಲ್ಲ. ಸಿಕ್ಕ ಸುಳಿವನ್ನು ಹಿಡಿದು ಅಕ್ಕಪಕ್ಕದವರ ಜೊತೆ ಕೂತು ಮಾತಾಡುವುದಕ್ಕೆ ಅವರ ತಾಟಸ್ಥ್ಯವೇ ಅಡ್ಡ ಬಂತು.

ಬೆಲ್ಜಿಯಂಗೆ ಇದು ಹೊಸದಲ್ಲ. 1839ರ ಲಂಡನ್ ಒಪ್ಪಂದದಲ್ಲಿ ದೊಡ್ಡ ದೇಶಗಳೆಲ್ಲ ಸೇರಿ ಅದರ ತಾಟಸ್ಥ್ಯಕ್ಕೆ ರುಜು ಹಾಕಿದ್ದವು, ಮುಂದೆ ಜರ್ಮನಿಯ ತಿರುಳಾದ ಪ್ರಶ್ಯಾವೂ ಸೇರಿ. 1914ರ ಆಗಸ್ಟ್ 4ರಂದು ಜರ್ಮನ್ ಸೇನೆ ಆ ಗಡಿ ದಾಟಿತು. ಚಾನ್ಸಲರ್ ಬೆತ್‌ಮನ್ ಹೋಲ್ವೆಗ್ ಆ ಒಪ್ಪಂದವನ್ನು ಬ್ರಿಟಿಷ್ ರಾಯಭಾರಿಯೆದುರು 'ಒಂದು ಚೂರು ಕಾಗದ' ಎಂದು ಕರೆದದ್ದು ಪ್ರಸಿದ್ಧ. ಅದೇ ದಿನ ತನ್ನ ಸಂಸತ್ತಿನಲ್ಲಿ, ನಾವು ಮಾಡುತ್ತಿರುವುದು ತಪ್ಪು, ಮುಂದೆ ಸರಿಪಡಿಸುತ್ತೇವೆ ಎಂದೂ ಒಪ್ಪಿಕೊಂಡಿದ್ದ. 1940ರಲ್ಲಿ ಆ ಮಟ್ಟದ ಸಂಕೋಚವೂ ಉಳಿದಿರಲಿಲ್ಲ. 1939ರ ನವೆಂಬರ್ 23ರಂದು ಹಿಟ್ಲರ್ ತನ್ನ ಜನರಲ್‌ಗಳಿಗೆ ಹೇಳಿದ್ದು: ಬೆಲ್ಜಿಯಂ, ಹಾಲೆಂಡ್‌ಗಳ ತಾಟಸ್ಥ್ಯ ಮುರಿಯುವುದು ಲೆಕ್ಕಕ್ಕಿಲ್ಲ, ಗೆದ್ದ ಮೇಲೆ ಯಾರೂ ಕೇಳುವುದಿಲ್ಲ.

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನಿಕರು ಸುಟ್ಟರು. ಯುದ್ಧ ಮುಗಿದ ಮೇಲೆ ಅಮೆರಿಕದವರ ದೇಣಿಗೆಯಿಂದ ಹೊಸ ಕಟ್ಟಡ ಎದ್ದಿತು, ಬೇರೆ ಬೇರೆ ದೇಶಗಳಿಂದ ಪುಸ್ತಕ ಬಂದವು. 1940ರ ಮೇ ತಿಂಗಳಲ್ಲಿ ಅದೂ ಸುಟ್ಟಿತು. ಒಂದೇ ಗ್ರಂಥಾಲಯ, ಇಪ್ಪತ್ತಾರು ವರ್ಷದಲ್ಲಿ ಎರಡು ಸಲ. ಓದುಗರ ಕೂಟದಲ್ಲಿ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಹಾಲೆಂಡಿನ ಅನುಭವ ಇದಕ್ಕೆ ತದ್ವಿರುದ್ಧ. 1914ರಲ್ಲಿ ಯುದ್ಧ ಅದನ್ನು ಬಳಸಿಕೊಂಡು ಹೋಗಿತ್ತು. ಸೋತ ಜರ್ಮನ್ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ 1918ರಲ್ಲಿ ಓಡಿಬಂದು ಆಶ್ರಯ ಪಡೆದದ್ದೂ ಅಲ್ಲೇ. ಗೆದ್ದವರು ಒಪ್ಪಿಸಿ ಎಂದರೂ ಡಚ್ಚರು ಒಪ್ಪಿಸಲಿಲ್ಲ. 1940ರಲ್ಲಿ ಆ ಮುದುಕ ಇನ್ನೂ ಡೋರ್ನ್ ಎಂಬ ಊರಿನ ತನ್ನ ಬಂಗಲೆಯಲ್ಲಿ ಸೌದೆ ಸೀಳುತ್ತ ಬದುಕಿದ್ದ. ಒಂದು ಸಲ ತಪ್ಪಿದ್ದು ಇನ್ನೊಂದು ಸಲವೂ ತಪ್ಪೀತು ಅನ್ನುವುದು ಮನುಷ್ಯರ ಸ್ವಭಾವ. ಮಳೆಗಾಲದಲ್ಲಿ ಹೊಳೆ ಪಕ್ಕದ ಊರಿನವರನ್ನು ಕೇಳಿ ನೋಡಿ: 'ನಮ್ಮ ಅಜ್ಜನ ಕಾಲದಲ್ಲೂ ನೀರು ಈ ಮೆಟ್ಟಿಲು ಹತ್ತಿಲ್ಲ' ಅನ್ನುತ್ತಾರೆ.

ಇನ್ನು ನನಗೆ ತುಂಬ ಇಷ್ಟವಾದ ಪ್ರಸಂಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1940ರ ಜನವರಿ 9ರ ರಾತ್ರಿ. ಜರ್ಮನಿಯ ಮ್ಯೂನ್‌ಸ್ಟರ್ ಊರಿನ ಅಧಿಕಾರಿಗಳ ಮೆಸ್. ಮೇಜರ್ ರೈನ್‌ಬರ್ಗರ್ ಮರುದಿನ ಕಲೋನ್‌ಗೆ ಹೋಗಬೇಕು, ಸಭೆ ಇದೆ. ಬ್ಯಾಗಿನಲ್ಲಿ ಬೆಲ್ಜಿಯಂ, ಹಾಲೆಂಡ್ ದಾಳಿಯ ಗುಪ್ತ ಕಾಗದಗಳು. ರೈಲಿನಲ್ಲಿ ಹೋಗುವುದಕ್ಕೆ ಬೇಸರ. ಪಕ್ಕದಲ್ಲಿ ಕುಡಿಯುತ್ತ ಕೂತಿದ್ದ ಮೇಜರ್ ಹೂನ್‌ಮನ್ಸ್ 'ನಾನು ವಿಮಾನದಲ್ಲಿ ಬಿಡುತ್ತೇನೆ ಬಾ' ಅಂದ. ಅವನಿಗೂ ಕಲೋನ್‌ಗೆ ಹೋಗಬೇಕಿತ್ತು: ಒಗೆಯುವ ಬಟ್ಟೆ ಹೆಂಡತಿಗೆ ಕೊಟ್ಟು ಬರಬೇಕಿತ್ತು. ಬೆಳಿಗ್ಗೆ ಇಬ್ಬರೂ ಪುಟ್ಟ ವಿಮಾನ ಹತ್ತಿದರು. ಕೆಳಗೆ ಮಂಜು, ದಾರಿ ತಪ್ಪಿತು. ಕೊನೆಗೆ ಒಂದು ನದಿ ಕಂಡಿತು. ರೈನ್ ಎಂದುಕೊಂಡರು, ಅದು ಮ್ಯೂಸ್. ಎಂಜಿನ್ ನಿಂತಿತು. ಗದ್ದೆಯೊಂದರಲ್ಲಿ ಇಳಿದರು. ಅಲ್ಲಿದ್ದ ರೈತನನ್ನು ಕೇಳಿದರೆ ಗೊತ್ತಾಯಿತು, ತಾವು ನಿಂತಿರುವುದು ಬೆಲ್ಜಿಯಂನಲ್ಲಿ.

ರೈನ್‌ಬರ್ಗರ್ ಎದೆ ಒಡೆದುಹೋಯಿತು. ಪೊದೆಯ ಮರೆಗೆ ಓಡಿದ, ಕಾಗದ ಸುಡಲು ನೋಡಿದ, ಲೈಟರ್ ಹೊತ್ತಲಿಲ್ಲ. ಆ ರೈತನ ಹತ್ತಿರವೇ ಬೆಂಕಿಪೊಟ್ಟಣ ಬೇಡಿದ! ಹೊಗೆ ನೋಡಿ ಗಡಿ ಕಾವಲಿನವರು ಬಂದು ಹಿಡಿದರು. ಕಾವಲು ಠಾಣೆಗೆ ಕರೆದೊಯ್ದು ಕೂರಿಸಿದಾಗ, ಮೇಜಿನ ಮೇಲಿಟ್ಟಿದ್ದ ಕಾಗದಗಳನ್ನು ಬಾಚಿ ಪಕ್ಕದ ಒಲೆಗೆ ತುರುಕಿದ. ಬೆಲ್ಜಿಯನ್ ಕ್ಯಾಪ್ಟನ್ ಕೈ ಸುಟ್ಟುಕೊಂಡು ಅವನ್ನು ಎಳೆದು ತೆಗೆದ. ಅಂಚು ಸುಟ್ಟಿತ್ತು, ಓದುವಷ್ಟು ಉಳಿದಿತ್ತು.

ಯೋಚಿಸಿ. ಕಳ್ಳ ಯಾವತ್ತು ಯಾವ ಬಾಗಿಲಿಂದ ನುಗ್ಗುತ್ತಾನೆ ಎಂದು ಅವನ ಕೈಬರಹದಲ್ಲೇ ಬರೆದ ಚೀಟಿ ಮನೆಯವರ ಕೈಗೆ ಸಿಕ್ಕಿದೆ. ಬೆಲ್ಜಿಯಂ ಏನು ಮಾಡಿತು? ಸಾರಾಂಶವನ್ನು ಡಚ್ಚರಿಗೂ ಫ್ರೆಂಚರಿಗೂ ಬ್ರಿಟಿಷರಿಗೂ ತಿಳಿಸಿತು. ಫ್ರಾನ್ಸ್ ಕೂಡಲೇ ಕೇಳಿತು: ನಮ್ಮ ಸೈನ್ಯ ಈಗಲೇ ಒಳಗೆ ಬಂದು ನಿಮ್ಮ ಜೊತೆ ನಿಲ್ಲಲೇ? ಸೇನಾ ಮುಖ್ಯಸ್ಥ ವಾನ್ ಡೆನ್ ಬೆರ್ಗೆನ್ ಜನವರಿ 13ರ ರಾತ್ರಿ ಫ್ರೆಂಚ್ ಗಡಿಯ ಅಡೆತಡೆಗಳನ್ನು ತೆಗೆಯಲು ಹೇಳಿಯೂಬಿಟ್ಟ. ಹೌದು, ಫ್ರೆಂಚ್ ಗಡಿಯಲ್ಲೂ ಅಡೆತಡೆ ಇದ್ದವು. ತಟಸ್ಥ ಅಂದಮೇಲೆ ಎರಡೂ ಕಡೆಯ ಬಾಗಿಲಿಗೂ ಅಗುಳಿ ಬೇಕಲ್ಲ! ರಾಜ ಮೂರನೆಯ ಲಿಯೋಪೋಲ್ಡ್ ಒಪ್ಪಲಿಲ್ಲ. ಅಡೆತಡೆ ಮತ್ತೆ ಎದ್ದವು, ಸೇನಾ ಮುಖ್ಯಸ್ಥ ಹುದ್ದೆ ಬಿಟ್ಟ.

ಲಿಯೋಪೋಲ್ಡ್‌ರನ್ನು ಹಳಿಯುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಅವರ ದೇಶ 1936ರಲ್ಲಿ ಫ್ರಾನ್ಸಿನ ಜೊತೆಗಿನ ಸೇನಾ ಒಪ್ಪಂದದಿಂದ ಹಿಂದೆ ಸರಿದಿತ್ತು. 1937ರಲ್ಲಿ ಜರ್ಮನಿ ನಿಮ್ಮ ನೆಲ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟಿತ್ತು. ಫ್ರೆಂಚರನ್ನು ಒಳಗೆ ಕರೆದರೆ, ದಾಳಿ ಮಾಡಲು ಹಿಟ್ಲರ್‌ಗೆ ತಾವೇ ನೆಪ ಕೊಟ್ಟಂತೆ. ಕರೆಯದಿದ್ದರೆ, ದಾಳಿಯಾದ ಮೇಲೆ ಅವರು ಬಂದು ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅತ್ತ ದರಿ, ಇತ್ತ ಪುಲಿ. ಹೊರಗಿನವರಿಗೆ ಮಾತ್ರ ಮಾತು ಸಲೀಸು. ಅದೇ ಜನವರಿ 20ರಂದು ಚರ್ಚಿಲ್ ರೇಡಿಯೋದಲ್ಲಿ, ಪ್ರತಿಯೊಬ್ಬ ತಟಸ್ಥನೂ ಮೊಸಳೆಗೆ ಚೆನ್ನಾಗಿ ಉಣಿಸಿದರೆ ಅದು ತನ್ನನ್ನು ಕಡೆಗೆ ತಿಂದೀತು ಎಂದು ಕಾದಿದ್ದಾನೆ ಎಂದು ಕುಟುಕಿದ. ಅವನಿಗೂ ಮೊಸಳೆಗೂ ನಡುವೆ ಕಡಲಿತ್ತು.

ಕಾಗದ ಸಿಕ್ಕಿಬಿದ್ದದ್ದರಿಂದ ಲಾಭವಾದದ್ದು ಯಾರಿಗೆ? ಜರ್ಮನ್ನರು ಹಳೆಯ ಯೋಜನೆ ಬಯಲಾಯಿತೆಂದು ಅದನ್ನು ಮತ್ತೆ ತಿದ್ದಿದರು. ಮುಖ್ಯ ಹೊಡೆತ ಉತ್ತರದ ಬಯಲಿನಿಂದ ದಕ್ಷಿಣಕ್ಕೆ, ಆರ್ಡೆನ್ ಕಾಡಿನ ಕಡೆಗೆ ಸರಿಯಿತು. ಮಿತ್ರರಾಷ್ಟ್ರಗಳು, ಅಂದರೆ ಬ್ರಿಟನ್ ಮತ್ತು ಫ್ರಾನ್ಸ್, ಮಾತ್ರ ಉತ್ತರದ ಕಡೆಗೇ ನೋಡುತ್ತ ಕೂತವು.

ಏಪ್ರಿಲ್ 9ಕ್ಕೆ ಡೆನ್ಮಾರ್ಕ್, ನಾರ್ವೆಗಳ ಸರದಿ ಬಂತು. ಆ ಸುಳಿವನ್ನೂ ಓಸ್ಟರ್ ಕೊಟ್ಟಿದ್ದ. ಡೆನ್ಮಾರ್ಕ್ ಕೆಲವೇ ಗಂಟೆಗಳಲ್ಲಿ ಶರಣಾಯಿತು. ನಾರ್ವೆಯಲ್ಲಿ ಆಸ್ಕರ್ಸ್‌ಬೋರ್ಗ್ ಎಂಬ ಹಳೇ ಕೋಟೆಯ ಮುದಿ ಕರ್ನಲ್ ಎರಿಕ್ಸನ್, ಐವತ್ತು ವರ್ಷ ಹಳೆಯ ಫಿರಂಗಿಯಿಂದ ಹೊಚ್ಚಹೊಸ ಜರ್ಮನ್ ಯುದ್ಧನೌಕೆ ಬ್ಲೂಷರ್‌ಗೆ ಹೊಡೆದು, ಟಾರ್ಪಿಡೊ ಬಿಟ್ಟು ಮುಳುಗಿಸಿದ. ಫಿರಂಗಿ ಮಾಡಿದ್ದು ಜರ್ಮನಿಯ ಕ್ರುಪ್ ಕಾರ್ಖಾನೆ. ಆ ಕೆಲವು ಗಂಟೆಗಳ ತಡದಲ್ಲಿ ರಾಜ ಓಸ್ಲೋದಿಂದ ತಪ್ಪಿಸಿಕೊಂಡರು. ಆ ಕಥೆ ಇನ್ನೊಂದು ಸಂಜೆಗೆ ಇರಲಿ.

ಮೇ 10, ಶುಕ್ರವಾರ ಬೆಳಗಿನ ಜಾವ. ಲಕ್ಸೆಂಬರ್ಗ್‌ನಿಂದ ಶುರು ಮಾಡೋಣ, ಯಾಕೆಂದರೆ ಅದು ಬೇಗ ಮುಗಿಯುತ್ತದೆ. 1867ರ ಒಪ್ಪಂದದಂತೆ ತಟಸ್ಥವಾಗಿರಬೇಕೆಂದು ತನ್ನ ಕೋಟೆಯನ್ನೇ ಕೆಡವಿಕೊಂಡ ದೇಶ ಅದು. ಸೈನಿಕರು ನಾನ್ನೂರರ ಆಸುಪಾಸು. ಗಡಿ ರಸ್ತೆಗಳಿಗೆ ಕಾಂಕ್ರೀಟ್ ದಿಮ್ಮಿ, ಕಬ್ಬಿಣದ ಗೇಟು ಹಾಕಿದ್ದರು. ಗೇಟು ಮುಚ್ಚಿದರು. ಸಂಜೆಯೊಳಗೆ ದೇಶ ಹೋಗಿತ್ತು. ಗ್ರ್ಯಾಂಡ್ ಡಚೆಸ್ ಶಾರ್ಲೋಟ್ ಬೆಳಿಗ್ಗೆಯೇ ಫ್ರಾನ್ಸಿನ ಕಡೆ ಹೊರಟಿದ್ದರು.

ಹಾಲೆಂಡಿನ ಖೆನ್ನೆಪ್ ಊರಿನ ರೈಲು ಸೇತುವೆಗೆ ಡಚ್ ಪೊಲೀಸ್ ವೇಷದ ಕೆಲವರು ಜರ್ಮನ್ ಕೈದಿಗಳನ್ನು ನಡೆಸಿಕೊಂಡು ಬಂದರು. ಕೈದಿಗಳ ಕೋಟಿನೊಳಗೆ ಆಯುಧವಿತ್ತು. ಸೇತುವೆ ಕೈಬದಲಾಯಿತು, ಹಿಂದೆಯೇ ಕವಚ ತೊಟ್ಟ ರೈಲು ದಾಟಿತು. ಬೆಲ್ಜಿಯಂನಲ್ಲಿ, ಯುರೋಪಿನ ಅತಿ ಗಟ್ಟಿ ಕೋಟೆಗಳಲ್ಲೊಂದು ಎನಿಸಿಕೊಂಡಿದ್ದ ಎಬೆನ್ ಎಮಾಯೆಲ್‌ನ ನೆತ್ತಿಯ ಮೇಲೆ ಎಂಜಿನ್ ಇಲ್ಲದ, ಸದ್ದಿಲ್ಲದ ಗ್ಲೈಡರ್ ವಿಮಾನಗಳು ಇಳಿದವು. ಕೋಟೆಯ ಮೇಲ್ಭಾಗ ಹುಲ್ಲುಹಾಸು. ಅಲ್ಲಿ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು, ನೆಲಬಾಂಬು ಹುಗಿದಿರಲಿಲ್ಲ. ಇಳಿದವರು ಸುಮಾರು 85 ಜನ. ಒಳಗಿದ್ದವರು ಹಲವು ಪಟ್ಟು. ಉಕ್ಕಿನ ಗೋಪುರಗಳಿಗೆ ವಿಶೇಷ ಸ್ಫೋಟಕ ಅಂಟಿಸಿ ಒಡೆದರು. ಮರುದಿನ ಕೋಟೆ ಶರಣಾಯಿತು.

ಹೇಗ್ ಸುತ್ತಲಿನ ಮೂರು ವಿಮಾನ ನಿಲ್ದಾಣಗಳಿಗೆ ಪ್ಯಾರಾಚೂಟ್ ಸೈನಿಕರು ಇಳಿದರು. ರಾಣಿ ವಿಲ್ಹೆಲ್ಮಿನಾರನ್ನೂ ಸರ್ಕಾರವನ್ನೂ ಹಿಡಿಯುವುದು ಉದ್ದೇಶ. ಇಲ್ಲಿ ಮಾತ್ರ ಲೆಕ್ಕ ತಪ್ಪಿತು. ಡಚ್ಚರು ಅದೇ ದಿನ ನಿಲ್ದಾಣಗಳನ್ನು ಮರಳಿ ಪಡೆದರು, ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. ಸಾಸ್‌ನ ಫೋನ್ ಪೂರ್ತಿ ವ್ಯರ್ಥವಾಗಿರಲಿಲ್ಲ. ಆ ರಾತ್ರಿ ಸೈನಿಕರು ಎಚ್ಚರವಾಗಿದ್ದರು.

ದಕ್ಷಿಣದಲ್ಲಿ ಫ್ರೆಂಚ್ ಏಳನೇ ಸೇನೆ ಡಚ್ಚರ ನೆರವಿಗೆ ಬ್ರೆಡಾ ತನಕ ಓಡೋಡಿ ಬಂತು. ಕೈಜೋಡಿಸಲು ನೋಡಿದರೆ ಡಚ್ ಸೈನ್ಯ ಅಲ್ಲಿಂದ ಹಿಂದೆ ಸರಿದಾಗಿತ್ತು. ಯಾರು ಎಲ್ಲಿ ನಿಲ್ಲಬೇಕೆಂದು ಮೊದಲೇ ಕೂತು ಮಾತಾಡಿರಲೇ ಇಲ್ಲ. ಡಚ್ ರಕ್ಷಣಾ ಸಾಲಿಗೂ ಬೆಲ್ಜಿಯಂನ ಸಾಲಿಗೂ ನಡುವೆ ಬಿರುಕಿತ್ತು. ಅಕ್ಕಪಕ್ಕದ ಎರಡು ಗದ್ದೆಯ ಬದು ಒಂದಕ್ಕೊಂದು ಕೂಡದೇ ಬಿಟ್ಟ ಹಾಗೆ.

ಇಷ್ಟೆಲ್ಲ ಆದಮೇಲೆ ಪತ್ರಗಳು ಬಂದವು! ಹೇಗ್‌ನಲ್ಲಿ ಜರ್ಮನ್ ರಾಯಭಾರಿ ಕೌಂಟ್ ಸೆಖ್ ವಿದೇಶಾಂಗ ಸಚಿವ ವಾನ್ ಕ್ಲೆಫೆನ್ಸ್ ಎದುರು ನಿಂತು, ತಂದ ಸಂದೇಶವನ್ನು ಓದಲಾರದೆ ಕಣ್ಣೀರು ಹಾಕಿದ. ಬ್ರಿಟನ್, ಫ್ರಾನ್ಸ್‌ಗಳ ದಾಳಿಯಿಂದ ನಿಮ್ಮನ್ನು ಕಾಪಾಡಲು ಬರುತ್ತಿದ್ದೇವೆ ಎಂಬುದು ಅದರ ಸಾರ. ನಾವೀಗ ಯುದ್ಧದಲ್ಲಿದ್ದೇವೆ ಎಂಬ ಉತ್ತರವನ್ನು ಸಚಿವರು ಅಲ್ಲೇ ಪೆನ್ಸಿಲಿನಲ್ಲಿ ಗೀಚಿಕೊಟ್ಟರು. ಬ್ರಸೆಲ್ಸ್‌ನಲ್ಲಿ ಅದೇ ದೃಶ್ಯ. ಜರ್ಮನ್ ರಾಯಭಾರಿ ಕಾಗದ ತೆಗೆದು ಓದಲು ಹೊರಟಾಗ ಸಚಿವ ಪಾಲ್ ಹೆನ್ರಿ ಸ್ಪಾಕ್ 'ಮೊದಲು ನನ್ನದು' ಎಂದು ತಡೆದು ತಮ್ಮ ಪ್ರತಿಭಟನೆಯನ್ನೇ ಓದಿದರು. ಊರ ಮೇಲೆ ಆಗಲೇ ಬಾಂಬು ಬಿದ್ದಿದ್ದವು.

ಹಾಲೆಂಡ್ ಐದು ದಿನ ನಿಂತಿತು. 13ರಂದು ರಾಣಿ ಬ್ರಿಟಿಷ್ ಯುದ್ಧನೌಕೆಯಲ್ಲಿ ಇಂಗ್ಲೆಂಡಿಗೆ ಹೋದರು. 14ರಂದು ರೋಟರ್‌ಡ್ಯಾಂ. ನಗರ ಒಪ್ಪಿಸದಿದ್ದರೆ ನಾಶ ಎಂಬ ಜರ್ಮನ್ ಪತ್ರ ಬಂದಾಗ, ಡಚ್ ಕರ್ನಲ್ ಸ್ಖಾರೋ ಅದನ್ನು ಹಿಂತಿರುಗಿಸಿದ: ಇದರಲ್ಲಿ ರುಜು ಇಲ್ಲ, ಹೆಸರಿಲ್ಲ, ಹುದ್ದೆಯಿಲ್ಲ. ಸ್ವಲ್ಪ ಸಮಯ ಗಿಟ್ಟಿಸುವ ಉಪಾಯವೂ ಹೌದು, ಕಾಗದ ಪತ್ರ ಕ್ರಮಬದ್ಧವಾಗಿರಬೇಕೆಂಬ ಡಚ್ ಹಟವೂ ಹೌದು. ರುಜು ಹಾಕಿದ ಎರಡನೆಯ ಪತ್ರ ಹಿಡಿದು ದೂತ ಹೊರಟಿದ್ದ. ಗಡುವಿಗೆ ಇನ್ನೂ ಮೂರು ಗಂಟೆ ಬಾಕಿ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಹೈಂಕೆಲ್ ವಿಮಾನಗಳು ಬಂದೇಬಿಟ್ಟವು. ಮಾತುಕತೆ ನಡೆಯುತ್ತಿದೆ, ಹಿಂತಿರುಗಿ ಎಂದು ನೆಲದಲ್ಲಿದ್ದ ಜರ್ಮನ್ನರೇ ಕೆಂಪು ಬೆಳಕಿನ ಬಾಣ ಹಾರಿಸಿದರು. ಒಂದು ಗುಂಪು ಕಂಡು ತಿರುಗಿತು. ಇನ್ನೊಂದು ಗುಂಪಿನ ಐವತ್ತಕ್ಕೂ ಹೆಚ್ಚು ವಿಮಾನಗಳು ಬಾಂಬು ಸುರಿದವು. ಕಾಲು ಗಂಟೆಯ ಕೆಲಸ. ಸತ್ತವರು ಸುಮಾರು 850, ಮನೆ ಕಳೆದುಕೊಂಡವರು ಸುಮಾರು 80,000. ಮುಂದಿನದು ಉಟ್ರೆಕ್ಟ್ ಎಂದರು. ಹೊಸ ಸೇನಾ ಮುಖ್ಯಸ್ಥ ಜನರಲ್ ವಿಂಕಲ್ಮನ್ ಅಂದೇ ಸಂಜೆ ಶಸ್ತ್ರ ಕೆಳಗಿಡಲು ಹೇಳಿದ; ಮರುದಿನ ರೈಸೋರ್ಡ್ ಎಂಬ ಹಳ್ಳಿಯ ಶಾಲೆಯಲ್ಲಿ ರುಜು ಹಾಕಿದ. ಬೆಲ್ಜಿಯಂ 28ರ ತನಕ ಹೋರಾಡಿತು.

ಇಲ್ಲಿಗೆ ನಿಲ್ಲಿಸುವವನಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು 'ಏನು ಸ್ವಾಮಿ, ಜರ್ಮನಿಯವರು ಮಾತ್ರ ಹೀಗೆ ಮಾಡಿದ್ದಾ?' ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಇಲ್ಲ.

ಅದೇ ಮೇ 10ರ ಬೆಳಿಗ್ಗೆ ಸುಮಾರು 750 ಬ್ರಿಟಿಷ್ ಸೈನಿಕರು ತಟಸ್ಥ ಐಸ್‌ಲ್ಯಾಂಡಿನ ರೇಕ್ಯವಿಕ್ ಬಂದರಿಗೆ ಇಳಿದರು. ಆ ದೇಶಕ್ಕೆ ಸೈನ್ಯವೇ ಇರಲಿಲ್ಲ. ಬಂದರಿನಲ್ಲಿ ನೋಡಲು ಜನ ಸೇರಿದ್ದರು. 'ಸ್ವಲ್ಪ ಜನರನ್ನು ಹಿಂದೆ ಸರಿಸುತ್ತೀರಾ, ನಮ್ಮವರು ಇಳಿಯಬೇಕು' ಎಂದು ಬ್ರಿಟಿಷ್ ಅಧಿಕಾರಿ ಕೇಳಿದನಂತೆ, 'ಆಗಲಿ' ಎಂದು ಐಸ್‌ಲ್ಯಾಂಡಿನ ಪೊಲೀಸ್ ಸರಿಸಿದನಂತೆ. ಸರ್ಕಾರ ಲಿಖಿತ ಪ್ರತಿಭಟನೆ ಕೊಟ್ಟಿತು. ಲೂವೆನ್ ಅಲ್ಲಿ ಸುಡಲಿಲ್ಲ, ರೋಟರ್‌ಡ್ಯಾಂ ಅಲ್ಲಿ ಆಗಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನಾನು ತಯಾರಿಲ್ಲ. ಆದರೆ ಅಲ್ಲೂ ಕೊಟ್ಟ ಕಾರಣ ಒಂದೇ: ನಾವು ಬರದಿದ್ದರೆ ಅವರು ಬರುತ್ತಿದ್ದರು.

ನಮಗೆ ಇನ್ನೂ ಹತ್ತಿರದ್ದು ಇರಾನ್. ಅದೂ ತಟಸ್ಥ. 1941ರ ಆಗಸ್ಟ್ 25ರಂದು ಉತ್ತರದಿಂದ ಸೋವಿಯತ್ ಸೇನೆ, ದಕ್ಷಿಣ ಮತ್ತು ಪಶ್ಚಿಮದಿಂದ ಬ್ರಿಟಿಷ್ ಸೇನೆ ನುಗ್ಗಿದವು. ಬ್ರಿಟಿಷ್ ಅಂದೆ, ಆದರೆ ಬಂದೂಕು ಹಿಡಿದು ಗಡಿ ದಾಟಿದವರು ಬಹುಪಾಲು ನಮ್ಮವರೇ, 8 ಮತ್ತು 10ನೇ ಇಂಡಿಯನ್ ಡಿವಿಷನ್. ಯುದ್ಧಕ್ಕೆ ಸೇರುತ್ತೀರಾ ಎಂದು 1939ರಲ್ಲಿ ವೈಸರಾಯ್ ನಮ್ಮನ್ನು ಕೇಳಿರಲಿಲ್ಲ. ನಮ್ಮವರು ಹೋಗಿ ನಿಂತ ದೇಶವನ್ನೂ ಯಾರೂ ಕೇಳಲಿಲ್ಲ. ಪಟ್ಟ ಬಿಟ್ಟ ರೆಜಾ ಷಾರನ್ನು ಹೊತ್ತ ಹಡಗು ಮುಂಬೈ ತನಕ ಬಂತು. ಬಂದರು ಕಾಣುತ್ತಿತ್ತು, ಇಳಿಯಲು ಬಿಡಲಿಲ್ಲ, ಮಾರಿಷಸ್‌ಗೆ ಕಳಿಸಿದರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: ಆ ಇಬ್ಬರು ಗೆಳೆಯರು ಏನಾದರು ಸರ್?

ಸಾಸ್ ಯುದ್ಧ ದಾಟಿ ಬದುಕಿದ. 1948ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಬಳಿ ಡಚ್ ವಿಮಾನವೊಂದು ಬಿದ್ದಾಗ ಸತ್ತವರಲ್ಲಿ ಅವನೂ ಒಬ್ಬ. ಓಸ್ಟರ್‌ನನ್ನು ನಾಜಿಗಳು ಹಿಡಿದರು. ಯುದ್ಧ ಮುಗಿಯಲು ಒಂದು ತಿಂಗಳಿದ್ದಾಗ ಫ್ಲಾಸನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ತಾರೀಖು ಏಪ್ರಿಲ್ 9. ಅವನು ಮುನ್ಸೂಚನೆ ಕೊಟ್ಟಿದ್ದ ಡೆನ್ಮಾರ್ಕ್, ನಾರ್ವೆ ದಾಳಿಯ ದಿನಕ್ಕೆ ಸರಿಯಾಗಿ ಐದು ವರ್ಷ.